ಮುಕ್ಕಾಲು ಗಂಟೆ

"ವೇಗಾನ ಇನ್ನೊಂದು ಮೆಟ್ಟಿಲು ಏರಿಸು," ಅಂದರು ಸಿನೋಯ. "ಒಂದೇ ಒಂದು."

ಫಲೇಸಿ ಬಗ್ಗಿ ನೋಡಿದಳು. ಪಕ್ಕದ ತಗಡು ಬಿಚ್ಚಿಟ್ಟ ಕಂಪ್ಯೂಟರಿನೊಳಗೆ ಅಂಗೈಯಗಲದ ಫ್ಯಾನು ತಿರುಗುತ್ತಿತ್ತು. ಬೆಳಿಗ್ಗೆ ಏಳಕ್ಕೇ ಕೋಣೆ ಕಾದಿತ್ತು. ಕಿಟಕಿಗೆ ಒದ್ದೆ ಗೋಣಿ ಕಟ್ಟಿದ್ದಳು. ಎರಡು ದಿನದಿಂದ ಬೆಟ್ಟದಲ್ಲಿ ಮಳೆ. ಶಿರೆ ನದಿಯ ಮೇಲ್ಭಾಗದ ಅಳತೆಗಂಬದಿಂದ ನೀರು ಏರಿದ ಸುದ್ದಿ ಈಗಷ್ಟೇ ಬಂದಿತ್ತು. ಆ ನೀರು ಕತ್ತಲಾಗುವ ಮುಂಚೆ ಕೆಳಗಿನ ಚಿಪೊಂಡೆ ಹಳ್ಳಿ ಮುಟ್ಟುವುದು ಖಂಡಿತ. ಎಷ್ಟೆತ್ತರಕ್ಕೆ ಏರುತ್ತದೆ ಎನ್ನುವುದನ್ನು ಮಾತ್ರ ಪ್ರವಾಹ ಕಚೇರಿಯ ಈ ಒಂದು ಯಂತ್ರ ಲೆಕ್ಕ ಹಾಕಿ ಹೇಳಬೇಕಿತ್ತು.

ಅದರ ಪ್ರೊಸೆಸರ್ ಅಗ್ಗದ್ದು. ಬಂದ ಹೊಸತರಲ್ಲಿ ಒಂದು ಲೆಕ್ಕಕ್ಕೆ ಹತ್ತು ಗಂಟೆ ತಿನ್ನುತ್ತಿತ್ತು. ಎಂಟು ತಿಂಗಳಿನಿಂದ ಫಲೇಸಿ ಅದರ ವೇಗವನ್ನು ಚೂರುಚೂರೇ ಏರಿಸುತ್ತ ಬಂದಿದ್ದಳು. ಒಂದು ಮೆಟ್ಟಿಲು ಏರಿಸಿ ಇಡೀ ದಿನ ಅದನ್ನು ದುಡಿಸುವುದು, ಗಂಟೆಗೊಮ್ಮೆ ಬಿಸಿ ನೋಡುವುದು. ಕೊನೆಗೆ ನಾಲ್ಕು ವರ್ಷದ ಹಿಂದಿನ ಪ್ರವಾಹದ ಲೆಕ್ಕವನ್ನು ಅದರ ಮುಂದಿಟ್ಟು, ಉತ್ತರ ಅಂದಿನದಕ್ಕೆ ಕೊನೆಯ ಅಂಕಿಯವರೆಗೂ ಹೊಂದಿದರೆ ಮಾತ್ರ ಆ ವೇಗವನ್ನು ನಂಬುವುದು. ವೋಲ್ಟೇಜನ್ನು ಹೆದರಿ ಹೆದರಿ ಮುಟ್ಟಿದ್ದಳು. ಹತ್ತು ಗಂಟೆ ಹೀಗೆ ಎಂಟೂವರೆಗೆ ಇಳಿದಿತ್ತು. ಅದರ ಮೇಲಿನ ಮೆಟ್ಟಿಲನ್ನು ಇನ್ನೂ ಪರೀಕ್ಷಿಸಿರಲಿಲ್ಲ.

"ಈಗ ಶುರು ಮಾಡಿದ್ರೆ ಮೂರೂವರೆಗೆ ಉತ್ತರ ಬರುತ್ತೆ, ಬಾಂಬೊ," ಅಂದಳು. ಕಚೇರಿಯ ಮುಖ್ಯಸ್ಥ ಸಿನೋಯರನ್ನು ಎಲ್ಲರೂ ಹಾಗೇ, ಅಪ್ಪ ಎನ್ನುವಂತೆ, ಕರೆಯುತ್ತಿದ್ದರು.

"ಮೂರಕ್ಕೆ ಜಿಲ್ಲೆಯವರ ಸಭೆ. ಊರು ಖಾಲಿ ಮಾಡ್ಸೋಕೆ ಲಾರಿ ಕಳಿಸ್ಬೇಕೋ ಬೇಡ್ವೋ ಅಂತ ಅಲ್ಲೇ ತೀರ್ಮಾನ. ಆಮೇಲೆ ಬರೋ ಉತ್ತರ ಇಟ್ಕೊಂಡು ನಾನೇನು ಮಾಡ್ಲಿ? ಎಂಟು ತಿಂಗಳಿಂದ ಕೂಸಿಗೆ ಜ್ವರ ನೋಡಿದ ಹಾಗೆ ನೋಡ್ತಾ ಕೂತಿದ್ದೀಯಲ್ಲ, ಇವತ್ತಾದ್ರೂ ಎದ್ದು ಓಡ್ಲಿ."

"ಓಡುತ್ತೆ. ಸರಿಯಾಗಿ ಓಡುತ್ತಾ ಗೊತ್ತಿಲ್ಲ."

"ತಡೀಲಿಲ್ಲ ಅಂದ್ರೆ ನಿಂತೋಗುತ್ತೆ. ನಿಂತ್ರೆ ನಮಗೆ ಗೊತ್ತಾಗುತ್ತಲ್ಲ?"

"ನಿಲ್ಲದೇನೇ ತಪ್ಪು ಹೇಳೋದೂ ಉಂಟು."

ಸಿನೋಯ ಕೆಟ್ಟವರಲ್ಲ. ಹೋದ ವರ್ಷ ಎರಡು ಸಲ ಜನರನ್ನು ಸುಮ್ಮನೆ ಗುಡ್ಡ ಹತ್ತಿಸಿ, ಬಾರದ ನೀರಿಗಾಗಿ ಊರೂರಲ್ಲಿ ಬೈಸಿಕೊಂಡಿದ್ದರು. ಈಗ ಬಾಗಿಲಲ್ಲಿ ನಿಂತು ಟೊಪ್ಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಅದನ್ನು ನೋಡಲಾರದೆ ಫಲೇಸಿ ಯಂತ್ರವನ್ನು ಆರಿಸಿ, ಮತ್ತೆ ಹಚ್ಚಿ, ಒಂದು ಮೆಟ್ಟಿಲು ಏರಿಸಿದಳು. ಅದರಿಂದ ಉಳಿತಾಯವಾಗುವುದು ಮುಕ್ಕಾಲು ಗಂಟೆ.

ಮಧ್ಯಾಹ್ನ ಡಬ್ಬಿಯಲ್ಲಿದ್ದ ಜೋಳದ ಮುದ್ದೆ, ಒಣಮೀನು ಹಾಗೇ ಉಳಿಯಿತು. ಬಿಸಿ ಒಮ್ಮೆಯೂ ಮಿತಿ ದಾಟಲಿಲ್ಲ. ಯಂತ್ರ ಎಲ್ಲೂ ತಡವರಿಸಲಿಲ್ಲ. ಎರಡೂ ಮುಕ್ಕಾಲಿಗೆ ಉತ್ತರ ಬಂತು: ನೀರು ಚಿಪೊಂಡೆ ಶಾಲೆಯ ಮೆಟ್ಟಿಲಿಗಿಂತ ಒಂದು ಮೊಳ ಕೆಳಗೇ ನಿಲ್ಲುತ್ತದೆ. ಸಿನೋಯ ಕಾಗದ ಕಿತ್ತುಕೊಂಡವರಂತೆ ತೆಗೆದುಕೊಂಡು ಹೊರಟರು.

ಫಲೇಸಿ ಹಳೆಯ ಪ್ರವಾಹದ ಲೆಕ್ಕವನ್ನು ಯಂತ್ರದ ಮುಂದಿಟ್ಟಳು. ಅದು ಚಿಕ್ಕದು, ಇಪ್ಪತ್ತು ನಿಮಿಷದ್ದು. ಉತ್ತರ ಸರಿಯಾಗಿ ಹೊಂದಿತು. ಆದರೂ ಏಳಲು ಮನಸ್ಸಾಗದೆ ಇನ್ನೊಮ್ಮೆ ಓಡಿಸಿದಳು. ಈ ಸಲ ನಾಲ್ಕನೆಯ ಅಂಕಿ ಬೇರೆ ಇತ್ತು. ಅಲ್ಲಿಂದ ಮುಂದೆ ಎಲ್ಲ ಅಂಕಿಗಳೂ ಬೇರೆ ಇದ್ದವು.

ಫ್ಯಾನು ಒಂದೇ ಸಮನೆ ತಿರುಗುತ್ತಿತ್ತು.

ಸಿನೋಯರಿಗೆ ಫೋನು ಮಾಡಿದಳು. "ಆ ಉತ್ತರ ನಂಬಬೇಡಿ, ಬಾಂಬೊ. ಯಂತ್ರ ತಪ್ಪು ಮಾಡ್ತಿದೆ."

"ಹಾಗಾದ್ರೆ ಸರಿಯಾದ್ದು ಎಷ್ಟು?"

"ಗೊತ್ತಿಲ್ಲ. ಹಳೇ ವೇಗಕ್ಕೆ ಇಳಿಸಿ ಮತ್ತೆ ಲೆಕ್ಕ ಹಾಕೋದ್ರೊಳಗೆ ನೀರೇ ಬಂದಿರುತ್ತೆ."

"ರೇಡಿಯೋದಲ್ಲಿ ಹೇಳಿಯಾಯ್ತು," ಅಂದರು. "ಈಗ ಹೋಗಿ ನಮಗೆ ಗೊತ್ತಿಲ್ಲ ಅಂತ ಹೇಳ್ಲಾ?"

"ಹೇಳಿ."

ಅವರು ಫೋನ್ ಇಟ್ಟರು. ಫಲೇಸಿ ಚಿಪೊಂಡೆಯಲ್ಲಿ ಎಚ್ಚರಿಕೆಯ ಸೀಟಿ ಊದುವ ಲಾಯಿಸಿಗೆ ಫೋನು ಹಚ್ಚಿದಳು.

"ಏನಕ್ಕಾ ಇದು," ಅವನು ನಕ್ಕ. "ರೇಡಿಯೋ ಕೂತ್ಕೊಳ್ಳಿ ಅನ್ನುತ್ತೆ, ನೀನು ಎದ್ದೇಳಿ ಅಂತೀಯ. ನಿಮ್ಮ ಕಚೇರೀಲಿ ಯಾರಿಗೆ ಯಾರು ಯಜಮಾನರು?"

"ಲಾಯಿಸಿ, ತಪ್ಪು ನನ್ನದು. ಜನರನ್ನ ಮೇಲಕ್ಕೆ ಕಳಿಸು."

ಅವನ ನಗು ನಿಂತಿತು. ಸ್ವಲ್ಪ ಹೊತ್ತಿಗೆ, ಅವನು ಇಟ್ಟುಹೋದ ಫೋನಿನೊಳಗೆ ಸೀಟಿಯ ಸದ್ದು ಕೇಳಿತು. ಕೇಳುತ್ತ ಕೇಳುತ್ತ ದೂರವಾಯಿತು.

ಆರಕ್ಕೆ ಅವನೇ ಫೋನು ಮಾಡಿದ. ಜನ ಗೊಣಗುತ್ತ ರೈಲು ಹಳಿಯ ದಿಬ್ಬ ಹತ್ತಿದ್ದರು. ನೀರು ಶಾಲೆಯ ಕಿಟಕಿಯವರೆಗೆ ಬಂದಿತ್ತು, ಇನ್ನೂ ಏರುತ್ತಿತ್ತು. "ಅಜ್ಜಿ ಎಮಿಲಿಯಾ ಮಾತ್ರ ಬರ್ಲಿಲ್ಲ," ಅಂದ. "ಎರಡು ಸಲ ಕರೆದೆ. ರೇಡಿಯೋದಲ್ಲಿ ಹೇಳಿದ್ದನ್ನ ನಾನೇ ಕಿವಿಯಾರೆ ಕೇಳಿದ್ದೀನಿ, ನೀನು ಹೋಗಪ್ಪಾ ಅಂದ್ಳು."

ಮರುದಿನ ಬೆಳಿಗ್ಗೆ ಸಿನೋಯರೂ ಫಲೇಸಿಯೂ ದಿಬ್ಬದ ಮೇಲೆ ನಿಂತಿದ್ದರು. ಕೆಳಗೆ ಕೆಂಚು ನೀರಿನಲ್ಲಿ ಮಾವಿನಮರಗಳ ತಲೆಗಳಷ್ಟೇ ಕಾಣುತ್ತಿದ್ದವು. ಅವುಗಳ ನಡುವೆ ಲಾಯಿಸಿಯ ಮರದ ದೋಣಿ ನಿಧಾನವಾಗಿ ಹೋಗುತ್ತಿತ್ತು. ಅಜ್ಜಿಯ ಮನೆಯಿದ್ದ ಕಡೆ ಅವನು ದೋಣಿ ನಿಲ್ಲಿಸಿ ಉದ್ದನೆಯ ಗಳುವನ್ನು ನೀರಿಗಿಳಿಸಿ ತಡಕಿದ. ಮೊಣಕೈಯವರೆಗೂ ಕೈ ಮುಳುಗಿತು, ಗಳು ತಳ ಮುಟ್ಟಲಿಲ್ಲ. ಮೇಲೆತ್ತಿಕೊಂಡು, ಒಂದು ಮಾರು ಆಚೆಗೆ ಸರಿದು, ಮತ್ತೆ ಇಳಿಸಿದ.