ಮಲಗಿಸಿದ ಸೈಡ್ ವ್ಯೂ

ಗೋಪೀನಾಥ ಹಾಕಿದ ಸುಗಂಧರಾಜದ ಹಾರವನ್ನು ಮುನಿರಾಜು ಹೆಣದ ಎದೆಯಿಂದ ಕಿತ್ತು ಚರಂಡಿಗೆ ಎಸೆದ. ತಮಟೆಯವರು ಬಡಿಯುವುದನ್ನು ನಿಲ್ಲಿಸಿದರು. ಕಾಮಾಕ್ಷಿಪಾಳ್ಯದ ಆ ಗಲ್ಲಿಯಲ್ಲಿ ಅರ್ಧಕ್ಕರ್ಧ ಜನ ಲೇಥು, ಪ್ರೆಸ್ಸುಗಳ ಮುಂದೆ ನಿಂತು ಬದುಕುವವರು. ಯಾರೂ ಅವನನ್ನು ತಡೆಯಲಿಲ್ಲ.

ಚಟ್ಟದ ಮೇಲಿದ್ದವನು ಅಂಜಿನಯ್ಯ. ಗೋಪೀನಾಥನ ವರ್ಕ್‌ಶಾಪಿನ ಫಿಟ್ಟರ್, ಮುನಿರಾಜುವಿನ ಸೋದರಮಾವ. ಮೊನ್ನೆ ಬೆಳಿಗ್ಗೆ ತಗಡು ಒತ್ತುವ ಹೊಸ ಉಕ್ಕಿನ ಅಚ್ಚು, ಡೈ, ಕೂರಿಸಿ ಪ್ರೆಸ್ಸಿನ ಮೊದಲ ಪೆಟ್ಟು ಹೊಡೆದಾಗ ಡೈ ಜಾರಿ ಒಡೆದು, ಅಂಗೈ ಅಗಲದ ಉಕ್ಕಿನ ಚೂರು ಅವನ ಗಂಟಲಿಗೆ ನುಗ್ಗಿತ್ತು. ಎದುರು ಗೋಡೆಯ ಕ್ಯಾಲೆಂಡರಿನ ತನಕ ರಕ್ತ ಹಾರಿತ್ತು. ಆಸ್ಪತ್ರೆಯವರು ಕೊಯ್ದು ಹೊಲಿದು ಮೂಗಿನವರೆಗೂ ಬಟ್ಟೆ ಸುತ್ತಿ ಕೊಟ್ಟಿದ್ದರು. ಬಾಯಿಗೆ ಅಕ್ಕಿ ಹಾಕಲು ಬಂದವರು ಬಾಯಿ ಕಾಣದೆ ಬಟ್ಟೆಯ ಮೇಲೆಯೇ ಹಾಕಿ ಸರಿಯುತ್ತಿದ್ದರು.

ಗೋಪೀನಾಥ ಪೊಲೀಸರಿಗೆ ಹೇಳಿದ್ದು ಇಷ್ಟು: ಮುದುಕನಿಗೆ ಕಂಪ್ಯೂಟರ್ ಡ್ರಾಯಿಂಗ್ ಓದಲು ಬರಲಿಲ್ಲ, ಡೈಯನ್ನು ಹಿಡಿದಿಡುವ ತಟ್ಟೆಯ ತುಟಿಯನ್ನು ತಿರುಗಾಮುರುಗಾ ಮಾಡಿದ. ಆ ಮಾತು ಸಂಜೆಯೊಳಗೆ ಸುಂಕದಕಟ್ಟೆ ದಾಟಿತ್ತು. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಪೀಸು ವಾಪಸ್ ಬಾರದಂತೆ ಕೆಲಸ ಮಾಡಿದವನು, ಕೆಲಸ ಗೊತ್ತಿಲ್ಲದೆ ಸತ್ತ ಎಂದು ಟೀ ಅಂಗಡಿಯಲ್ಲಿ ನಗುತ್ತಿದ್ದರು.

ಗೋಪೀನಾಥ ಚರಂಡಿಯ ಕಡೆ ನೋಡದೆ, ಗೋಡೆಗೆ ಒರಗಿ ಕೂತಿದ್ದ ಅಂಜಿನಯ್ಯನ ಹೆಂಡತಿ ಅಣ್ಣಮ್ಮನ ಹತ್ತಿರ ಬಗ್ಗಿದ. ಗಂಡನ ಊಟದ ಚೀಲ ಅವಳ ಮಡಿಲಲ್ಲಿತ್ತು.

"ಅದ್ರಲ್ಲಿ ಡ್ರಾಯಿಂಗಿನ ಒಂದು ಪ್ರಿಂಟ್ ಇರ್ಬೇಕು, ಕೊಟ್ಬಿಡಮ್ಮ. ಫೈಲಿಗೆ ಬೇಕು."

"ಕೊಟ್ರೆ ಅದ್ರಲ್ಲಿ ಇಲ್ದಿರೋ ಬಾಣ ಈಗ ಬರ್ದು ಫೈಲಿಗೆ ಹಾಕ್ತೀಯ," ಎಂದ ಮುನಿರಾಜು.

"ಲೋ, ಏಕವಚನ ಬೇಡ."

"ಬಹುವಚನ ಬೇಕಾದ್ರೆ ನನ್ ಮಾವನ್ನ ಎಬ್ಸು. ಅವ್ನಿಗೆ ಚೆನ್ನಾಗಿ ಬರ್ತಿತ್ತು."

ರಿಟೈರಾದ ಫಿಟ್ಟರ್ ಮುನಿವೆಂಕಟಪ್ಪ ಇಬ್ಬರ ನಡುವೆ ಬಂದು, ಮೊದಲು ಮಣ್ಣು ಆಗಲಿ ಎಂದರು. ತಮಟೆ ಮತ್ತೆ ಶುರುವಾಯಿತು. ಚಟ್ಟ ಎತ್ತಿದರು.

\*

ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮುನಿರಾಜುವಿಗೆ ಡ್ರಾಯಿಂಗ್ ಓದಲು ಕಲಿಸಿದ್ದು ಅಂಜಿನಯ್ಯ. ನೆಲದ ಮೇಲೆ ಬೆಂಕಿಪೊಟ್ಟಣ ಇಟ್ಟು, ಎದುರಿಂದ ಕಂಡದ್ದನ್ನೂ ಪಕ್ಕದಿಂದ ಕಂಡದ್ದನ್ನೂ ಸೀಮೆಸುಣ್ಣದಲ್ಲಿ ಬರೆಸುತ್ತಿದ್ದ. ಎರಡೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಸ್ಟೀಲ್ ಸ್ಕೇಲನ್ನು ಅಡ್ಡ ಇಟ್ಟರೆ ಇದರ ತಲೆ ಅದರ ತಲೆಗೆ, ಇದರ ಪಾದ ಅದರ ಪಾದಕ್ಕೆ ಕೂಡಬೇಕು. ಕೂಡದಿದ್ದರೆ ಅದೇ ಸ್ಕೇಲು ಮುನಿರಾಜುವಿನ ಗೆಣ್ಣಿನ ಮೇಲೆ ಬೀಳುತ್ತಿತ್ತು.

ಅಂಜಿನಯ್ಯನಿಗೆ ಇನ್ನೊಂದು ಅಭ್ಯಾಸವಿತ್ತು. ಅನುಮಾನ ಬಂದರೆ ಮಾಲೀಕರನ್ನು ಕೇಳಿ, ಸಿಕ್ಕ ಉತ್ತರವನ್ನು ಪ್ರಿಂಟಿನ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದು ವಾರ ಹಾಕುತ್ತಿದ್ದ. ಜೊತೆಯವರು ಅದನ್ನು ಅಂಜಿನಯ್ಯನ ಪಂಚಾಂಗ ಎನ್ನುತ್ತಿದ್ದರು.

ಎಂಬತ್ತೊಂಬತ್ತರ ಯುಗಾದಿಗೆ ವರ್ಕ್‌ಶಾಪಿಗೆ ಕಂಪ್ಯೂಟರ್ ಬಂತು. ಗಾಜಿನ ರೂಮು ಕಟ್ಟಿಸಿದರು. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ಮೂರು ತಿಂಗಳು ಕಲಿತ ಗೋಪೀನಾಥ ಡ್ರಾಯಿಂಗುಗಳನ್ನು ತಾನೇ ತೆಗೆಯತೊಡಗಿದ. ಆ ತಟ್ಟೆಯ ಸೈಡ್ ವ್ಯೂ ಹಾಳೆಯಲ್ಲಿ ಹಿಡಿಸಲಿಲ್ಲ. ಅದನ್ನು ಕಾಲು ಸುತ್ತು ತಿರುಗಿಸಿ ಕೆಳಗಿನ ಮೂಲೆಯಲ್ಲಿ ಮಲಗಿಸಿದ. ತಿರುಗಿಸಿದ್ದೇನೆ ಎಂದು ಬರೆಯಲಿಲ್ಲ, ಬಾಣ ಹಾಕಲಿಲ್ಲ.

ಸೋಮವಾರ ಅಂಜಿನಯ್ಯ ಚಪ್ಪಲಿ ಬಿಟ್ಟು, ಪ್ರಿಂಟು ಮತ್ತು ಸ್ಕೇಲು ಹಿಡಿದು ಒಳಗೆ ಹೋದ. ಮುನಿರಾಜು ತನ್ನ ಲೇಥಿನ ಮುಂದೆ ನಿಂತು ಗಾಜಿನೊಳಗೆ ನೋಡುತ್ತಿದ್ದ.

"ಸಾರ್, ಇದು ಮಲ್ಗಿದೆ. ತಲೆ ಯಾವ ಕಡೆ ಅಂತ ಗೊತ್ತಾಗ್ತಿಲ್ಲ. ನನಗೇನೋ ಬಲಕ್ಕೆ ಅನ್ಸುತ್ತೆ."

"ಎಡಕ್ಕೆ."

"ಎದುರಿನ ವ್ಯೂಗೆ ಕೂಡಲ್ಲ ಸಾರ್. ಸ್ಕೇಲ್ ಇಟ್ಟು ನೋಡಿ."

ಗೋಪೀನಾಥ ಸ್ಕೇಲನ್ನು ಕಿತ್ತುಕೊಂಡು ಅದರ ಅಂಚಿನಿಂದಲೇ ಅವನ ಕೆನ್ನೆಗೆ ಬಾರಿಸಿದ. ಕಂಪ್ಯೂಟರಿಗೆ ಲೆಕ್ಕ ಹೇಳಿಕೊಡಲು ಬರಬೇಡ, ಮಾಡುವುದಾದರೆ ಮಾಡು, ಇಲ್ಲವಾದರೆ ಬಾಗಿಲು ಅಲ್ಲಿದೆ ಎಂದ. ಐವತ್ತಮೂರು ವರ್ಷದ ಮನುಷ್ಯ ಕೆನ್ನೆಯ ರಕ್ತವನ್ನು ಎಣ್ಣೆ ಒರೆಸುವ ಹತ್ತಿ ವೇಸ್ಟಿನಿಂದ ಒತ್ತಿಕೊಂಡು ಹೊರಗೆ ಬಂದು, ಹೇಳಿದ ಹಾಗೆ ತಟ್ಟೆಯನ್ನು ಎಡಕ್ಕೇ ಮಾಡತೊಡಗಿದ. ನೋಡಿದವರು ಹನ್ನೊಂದು ಜನ. ಮುನಿರಾಜು ಲೇಥು ನಿಲ್ಲಿಸಲಿಲ್ಲ.

\*

ಸುಂಕದಕಟ್ಟೆಯ ಸ್ಮಶಾನದಲ್ಲಿ ಗುಂಡಿ ತೋಡಿ ನಿಂತಿದ್ದ ಬೈರಯ್ಯ ಚಟ್ಟ ಹೊತ್ತವರನ್ನು ಬೈದ.

"ತಲೆ ಯಾವ ಕಡೆ ಮಾಡ್ಕೊಂಡ್ ಬಂದ್ರೋ? ತೆಂಕಲಿಗೆ ತಿರುಗ್ಸಿ."

ಚಟ್ಟ ಗುಂಡಿಯ ಸುತ್ತ ತಿರುಗತೊಡಗಿತು. ಹೆಗಲು ಕೊಟ್ಟಿದ್ದ ಮುನಿರಾಜುವಿನ ಬೆನ್ನು ಈ ಕಡೆಗಿತ್ತು. ಅದೇ ಸಮಯವೆಂದು ಗೋಪೀನಾಥ ಅಣ್ಣಮ್ಮನ ಕೈಯಿಂದ ಚೀಲ ಕಸಿಯಲು ಹೋದ. ಅವಳು ಬಿಡಲಿಲ್ಲ. ಅವನು ಜಗ್ಗಿದ ರಭಸಕ್ಕೆ ಚೀಲದ ಸಮೇತ ಮಣ್ಣಿನ ಗುಡ್ಡೆಯ ಮೇಲೆ ಬಿದ್ದಳು.

ಮುನಿರಾಜು ಹೆಗಲನ್ನು ಇನ್ನೊಬ್ಬನಿಗೆ ಕೊಟ್ಟು ಬಂದ. ಮೊದಲ ಗುದ್ದಿಗೆ ಗೋಪೀನಾಥನ ಕನ್ನಡಕ ಗುಂಡಿಗೆ ಬಿತ್ತು. ಎರಡನೆಯದಕ್ಕೆ ಮೂಗು ಒಡೆಯಿತು. ಮುನಿರಾಜು ಅವನ ಕತ್ತು ಹಿಡಿದು ಗುಂಡಿಯ ಅಂಚಿಗೆ ಒತ್ತಿದ. ಬೈರಯ್ಯನ ಹಾರೆ ಕೈಗೆ ಎಟುಕುವಷ್ಟು ಹತ್ತಿರವಿತ್ತು. ಮುನಿರಾಜುವಿನ ಕೈ ಅದರ ಮೇಲೆ ಹೋಯಿತು.

"ಬಿಡೋ ಅವನ್ನ," ಎಂದಳು ಅಣ್ಣಮ್ಮ. "ನೀನು ಹೊಡುದ್ರೆ ನಿನ್ ಮಾವ ಕೆಲ್ಸ ಗೊತ್ತಿಲ್ದೋನಾಗೇ ಉಳ್ಕೊತಾನೆ."

ಮುನಿರಾಜು ಕತ್ತು ಬಿಟ್ಟ. ಅವಳು ಎದ್ದು, ಚೀಲದಿಂದ ಪ್ರಿಂಟು ತೆಗೆದು ಮಣ್ಣಿನ ಮೇಲೆ ಹರಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಹಿಂದೆ ಏನು ಬರೆದಿದೆ ಎಂದು ಬೆಳಿಗ್ಗೆ ಮುನಿರಾಜು ಓದಿ ಹೇಳಿದ್ದ.

"ಓದೋಕೆ ಬರ್ಲಿಲ್ಲ ಅಂದ್ರಲ್ಲ ಸಾರ್. ನಿಮಗೆ ಬರುತ್ತಲ್ಲ. ಇದ್ರಲ್ಲಿ ತಲೆ ಯಾವ ಕಡೆ, ತೋರ್ಸಿ."

ಸುತ್ತ ನಿಂತಿದ್ದವರೆಲ್ಲ ಫಿಟ್ಟರುಗಳು, ಟರ್ನರುಗಳು. ತಾನು ಹೇಳಿದ್ದೇ ಸರಿ, ಮುದುಕನೇ ಅದನ್ನು ಉಲ್ಟಾ ಮಾಡಿದ ಎಂದು ಗೋಪೀನಾಥ ಈಗಲೂ ನಂಬಿದ್ದ. ಮೂಗಿನ ರಕ್ತ ಒರೆಸಿಕೊಂಡ ಬೆರಳನ್ನೇ ಹಾಳೆಯ ಮೇಲೆ ಒತ್ತಿದ.

"ಎಡಕ್ಕೆ. ಮಕ್ಳಿಗೂ ಗೊತ್ತಾಗುತ್ತೆ."

ಮುನಿವೆಂಕಟಪ್ಪ ಚೀಲದಲ್ಲಿದ್ದ ಅಂಜಿನಯ್ಯನ ಸ್ಕೇಲನ್ನು ತೆಗೆದುಕೊಂಡು ಮಂಡಿಯೂರಿದರು. ಎದುರಿನ ವ್ಯೂನಿಂದ ಸೈಡ್ ವ್ಯೂಗೆ ಒಂದೊಂದೇ ಅಳತೆ ಹಿಡಿದು ನೋಡಿದರು. ಎರಡು ಸಲ ನೋಡಿದರು.

"ಎಡಕ್ಕೆ ಮಾಡಿದ್ರೆ ತುಟಿ ಹೊರಗೆ ಬರುತ್ತೆ," ಎಂದರು. "ಡೈ ನಿಲ್ಲಲ್ಲ."

ಆಮೇಲೆ ಹಾಳೆಯನ್ನು ಮಗುಚಿ, ಹಿಂದಿನ ಪೆನ್ಸಿಲ್ ಬರಹವನ್ನು ಎಲ್ಲರಿಗೂ ಕೇಳುವಂತೆ ಓದಿದರು. ತಲೆ ಬಲಕ್ಕೆ ಇರಬೇಕು. ಸಾರ್ ಎಡ ಅಂದರು. ಸೋಮವಾರ.

ಗೋಪೀನಾಥ ಹಾಳೆಗೆ ಕೈ ಚಾಚಿದ. ಯಾರೋ ಅವನ ಮಣಿಕಟ್ಟಿನ ಮೇಲೆ ಕಾಲಿಟ್ಟರು. ಯಾರೆಂದು ಯಾರೂ ನೋಡಲಿಲ್ಲ.

ಅಂಜಿನಯ್ಯನನ್ನು ಇಳಿಸಿದರು, ತಲೆ ತೆಂಕಲಿಗೆ. ಅಣ್ಣಮ್ಮ ಮೂರು ಹಿಡಿ ಮಣ್ಣು ಹಾಕಿದಳು. ಮುನಿರಾಜು ಹಾಕಲು ಬರಲಿಲ್ಲ. ಅವನು ಬಿಸಿಲಿದ್ದ ಕಲ್ಲಿನ ಮೇಲೆ ಪ್ರಿಂಟನ್ನು ಹರಡಿ, ಗಾಳಿಗೆ ಹಾರದಂತೆ ಸ್ಕೇಲನ್ನು ಅಡ್ಡ ಇಟ್ಟು, ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. ಮಲಗಿಸಿದ ಸೈಡ್ ವ್ಯೂನ ಎಡತುದಿಯಲ್ಲಿ ಕೆಂಪು ಬೆರಳಚ್ಚು ಇನ್ನೂ ಹಸಿಯಾಗಿತ್ತು. ಅದು ಒಣಗುವ ತನಕ ಅವನು ಅದರ ಮೇಲೆ ಒಂದು ನೊಣವನ್ನೂ ಕೂರಲು ಬಿಡಲಿಲ್ಲ.