ಮರಳಿನ ಹಿಂದೆ ಹೋದ ಪಾ ಜುಸೋ

ಪಾ ಜುಸೋ ಗಟ್ಟಿ ನೆಲದ ಮೇಲೂ ಮರಳಿನಲ್ಲಿ ನಡೆಯುವವರಂತೆ ನಡೆಯುತ್ತಿದ್ದರು. ಮಸೀದಿಯ ಹಾಸುಗಲ್ಲಿರಲಿ, ನಾನು ಪಾಠ ಹೇಳುತ್ತಿದ್ದ ಶಾಲೆಯ ಸಿಮೆಂಟು ಜಗಲಿಯಿರಲಿ, ಮೊಣಕಾಲನ್ನು ಎತ್ತರಕ್ಕೆತ್ತಿ ಹೆಜ್ಜೆಯಿಟ್ಟು, ಅರೆಕ್ಷಣ ತಡೆದು, ನೆಲ ಇನ್ನೂ ಅಲ್ಲಿಯೇ ಇದೆಯೆಂದು ಖಚಿತವಾದ ಮೇಲೆಯೇ ಮುಂದಿನ ಹೆಜ್ಜೆ. ಮಲೇಷ್ಯಾದ ತೆರೆಂಗಾನುವಿನ ಆ ಅರ್ಧಚಂದ್ರಾಕೃತಿಯ ಕೊಲ್ಲಿಯ ಬಡಗಣ ತುದಿಯಲ್ಲಿ ಎಪ್ಪತ್ತು ವರ್ಷ ಬಾಳಿದವರಿಗೆ ಭೂಮಿಯ ಮೇಲೆ ಅಷ್ಟು ಸಂಶಯ ಸಹಜವೇ.

ಪ್ರತಿವರ್ಷ ನವೆಂಬರಿನಲ್ಲಿ ಈಶಾನ್ಯದ ಗಾಳಿ ಎದ್ದೊಡನೆ ಅವರ ಮನೆಯ ಮುಂದಿನ ಮರಳೆಲ್ಲ ಅಲೆಗಳ ಬೆನ್ನೇರಿ ತೆಂಕಣ ತುದಿಗೆ, ಕೆರೊಪೊಕ್ ಎಂಬ ಮೀನಿನ ಹಪ್ಪಳ ಕರಿದು ಮಾರುವ ಮೆಕ್ ಕಲ್ಸೋಮಳ ಅಂಗಡಿಯ ಮುಂದಕ್ಕೆ ಹೋಗಿ ಬೀಳುತ್ತಿತ್ತು. ಏಪ್ರಿಲಿನಲ್ಲಿ ಗಾಳಿ ತಿರುಗಿದರೆ ಹೋದ ದಾರಿಯಲ್ಲೇ ಹಿಂದಿರುಗುತ್ತಿತ್ತು. ಊರಿಗೆ ಇದು ಋತುಧರ್ಮ; ಪಾ ಜುಸೋಗೆ ಸ್ವಂತ ಆಸ್ತಿಯ ಪ್ರವಾಸ. ಮರಳು ಹೊರಟ ಮರುದಿನವೇ ಕಂಕುಳಲ್ಲಿ ಚಾಪೆ ಇರುಕಿಕೊಂಡು, ಮಳೆಗೆ ಪ್ಲಾಸ್ಟಿಕ್ ಹೊದ್ದು, ಎರಡು ಮೈಲಿ ನಡೆದುಬಂದು ಅಂಗಡಿಯ ಎದುರಿಗೇ ಕೂರುತ್ತಿದ್ದರು. ಗಿರಾಕಿಗಳು ದಾರಿ ಬಿಡಿರೆಂದರೆ, ತಾವು ಕುಳಿತಿರುವುದು ತಮ್ಮ ಮರಳಿನ ಮೇಲೆ, ಬೇಕಾದವರು ಬಳಸಿಕೊಂಡು ಹೋಗಬಹುದು ಎಂದು ಪರಮವಿನಯದಿಂದ ತಿಳಿಸುತ್ತಿದ್ದರು. ಕಲ್ಸೋಮ್ ಬೈಯುತ್ತಲೇ ಚಹಾ ತಂದಿಡುತ್ತಿದ್ದಳು. ಮರಳಿನ ಗುರುತು ಹೇಗೆ ಹತ್ತುತ್ತದೆಂದು ನಾನೊಮ್ಮೆ ಕೇಳಿಬಿಟ್ಟೆ.

"ಅಂಗಳದ ತುಂಬ ಮಕ್ಕಳಿರ್ತಾರಲ್ಲ ಮೇಷ್ಟ್ರೇ, ನಿಮ್ಮ ಮಗ ಯಾವನು ಅಂತ ನಿಮಗೆ ಹೆಂಗೆ ಗೊತ್ತಾಗುತ್ತೆ?" ಎಂದರು.

ಒಂದು ವರ್ಷ ದೋಣಿಗಳಿಗೆ ಆಸರೆಯಾಗಲೆಂದು ಕೊಲ್ಲಿಯ ನಡುವೆ ಬಂಡೆಗಲ್ಲಿನ ಒಡ್ಡು ಎದ್ದಿತು. ಆ ಏಪ್ರಿಲಿನಲ್ಲಿ ಗಾಳಿ ತಿರುಗಿತು, ಮರಳು ಮಾತ್ರ ಒಡ್ಡಿನಾಚೆ ತೆಂಕಣದಲ್ಲೇ ನಿಂತಿತು. ಮುಂದಿನ ಮಳೆಗಾಲ ಮುಗಿಯುವುದರೊಳಗೆ ಸಮುದ್ರ ನಾಲ್ಕು ತೆಂಗಿನಮರಗಳನ್ನೂ ಅಡುಗೆಮನೆಯ ಮೆಟ್ಟಿಲನ್ನೂ ಕೊಂಡೊಯ್ದಿತ್ತು. ಮಗಳು ಬಂದು ಅತ್ತು ಕರೆದರೂ ಮುದುಕರು ಕದಲಲಿಲ್ಲ. ನಾಳೆ ಮರಳು ಬಂದಾಗ ಮನೆಯೇ ಇರದಿದ್ದರೆ ಅದು ಯಾರನ್ನು ವಿಚಾರಿಸಬೇಕು ಎಂಬುದು ಅವರ ಪ್ರಶ್ನೆ. ಕೊನೆಗೆ ಒಂದು ಮಧ್ಯಾಹ್ನ ಕಲ್ಸೋಮ್ ಬಾಣಲೆ ಇಳಿಸಿ, ಅಂಗಡಿ ಮುಚ್ಚಿ, ತಾನೇ ನಡೆದುಬಂದಳು.

"ಪಾ ಜುಸೋ, ನಿಮ್ಮ ಮರಳು ಇನ್ನು ಬರಲ್ಲ. ನಮ್ಮ ಕಡೆನೇ ಬಿಡಾರ ಹೂಡಿದೆ."

ಅವರು ಕೇಳಿದರು: "ಅಲ್ಲಿ ಅದನ್ನ ನೋಡ್ಕೊಳ್ಳೋರು ಯಾರು, ಮೆಕ್?"

"ನನ್ನ ಕೈಲಂತೂ ಆಗಲ್ಲ. ಅಂಗಡಿ ಹಿಂದೆ ಜಾಗ ಖಾಲಿ ಬಿದ್ದಿದೆ. ಮನೆ ಎತ್ಕೊಂಡು ಬನ್ನಿ."

ಶುಕ್ರವಾರದ ಪ್ರಾರ್ಥನೆ ಮುಗಿಸಿ ಅರವತ್ತು ಮಂದಿ ಆ ಮರದ ಮನೆಯನ್ನು ಕಂಬಗಳ ಸಮೇತ ಬಿದಿರಿನ ಮೇಲೆ ಹೊತ್ತೆವು. ಮನೆಯೊಂದನ್ನೇ ಕಳಿಸುವುದು ಸರಿಯಲ್ಲವೆಂದು ಪಾ ಜುಸೋ ಒಳಗೇ ಉಳಿದು, ಕಿಟಕಿಯಿಂದ ಎಡ ಬಲ ಆಜ್ಞಾಪಿಸುತ್ತಿದ್ದರು. ಹಿಂದಿನ ಎಡಮೂಲೆ ನನ್ನದಾಗಿತ್ತು, ಅವರ ತೂಕ ನನ್ನ ಹೆಗಲಿಗೆ ಇನ್ನೂ ನೆನಪಿದೆ. ಇಳಿಸಿದ ಮೇಲೆ ಹೊರಬಂದು, ಸುತ್ತಲೂ ನೋಡಿ, ಬಾಗಿಲು ಮರಳಿಗೆ ಬೆನ್ನು ಮಾಡಿದೆಯೆಂದರು. ಅರವತ್ತು ಮಂದಿ ಮತ್ತೆ ಎತ್ತಿ ತಿರುಗಿಸಿದೆವು.

ಕಡಲಂಚಿನ ಊರುಗಳಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಸಮುದ್ರವನ್ನು ಹಟಮಾರಿ ದಾಯಾದಿಯೆಂದು ಬಗೆದು ಜೀವಮಾನವಿಡೀ ವ್ಯಾಜ್ಯ ಹೂಡಿ, ಮುಷ್ಟಿಯಲ್ಲಿ ನಿಲ್ಲದ್ದನ್ನು ತಮ್ಮದೆಂದು ಸಾಧಿಸುತ್ತಾರೆ. ಅವರನ್ನು ಕಂಡು ವರ್ಷವೆಲ್ಲ ನಗುವ ನಾವು, ಕಡೆಗೊಂದು ದಿನ ಹೆಗಲು ಕೊಟ್ಟು ಅವರ ಹಟವನ್ನೇ ಹೊತ್ತು ನಡೆಯುತ್ತೇವೆ.