ತೆಳು ತಂತಿ

ಶನಿವಾರದ ತಾಲೀಮಿಗೆ ಮೊದಲು ನನ್ನ ಗಿಟಾರಿನ ತಂತಿಗಳನ್ನು ಗುಟ್ಟಾಗಿ ಬದಲಿಸಿದೆ. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಟವೆಲು ಹಾಸಿ, ದಪ್ಪ ತಂತಿಗಳನ್ನು ಒಂದೊಂದಾಗಿ ಬಿಚ್ಚುವಾಗ ಕಳ್ಳತನ ಮಾಡುತ್ತಿರುವಂತೆ ಅನಿಸಿತು. ಗಿಟಾರೇನೋ ನನ್ನದೇ.

ಎಡಗೈಯ ಉಂಗುರದ ಬೆರಳು ಚಳಿಗಾಲದಿಂದ ಸರಿಯಾಗಿ ಮಡಚುತ್ತಿರಲಿಲ್ಲ. ಬೆಟ್ಟದ ಕಡೆಯಿಂದ ಬುರಾ ಎಂಬ ಕೊರೆಯುವ ಚಳಿಗಾಳಿ ಬೀಸಿದ ದಿನ ಕಾಫಿ ಲೋಟ ಹಿಡಿಯುವುದೂ ಕಷ್ಟ. ಜೂನ್‌ನಲ್ಲಿ ಬಂದರಿನ ವೇದಿಕೆಯಲ್ಲಿ ನಮ್ಮ ಬ್ಯಾಂಡು ನುಡಿಸಬೇಕಿತ್ತು. ಬೆರಳು ಹೀಗೇ ಇದ್ದರೆ ನನ್ನ ಜಾಗಕ್ಕೆ ಬೇರೊಬ್ಬರು ಬರುತ್ತಾರೆ. ಯಾರೂ ಹಾಗೆ ಹೇಳಿರಲಿಲ್ಲ. ಹೇಳುವವರೆಗೆ ಕಾಯಲು ನನಗೆ ಮನಸ್ಸಿರಲಿಲ್ಲ.

ತೆಳು ತಂತಿ ಹಾಕಿದರೆ ಬೆರಳಿಗೆ ಕೆಲಸ ಕಡಿಮೆ. ಆದರೆ ನಮ್ಮ ಬಂದರು ಪಟ್ಟಣ ರಿಯೇಕಾದಲ್ಲಿ ನಾವು ಪಂಕ್ ರಾಕ್ ನುಡಿಸಲು ಶುರುಮಾಡಿದ ಕಾಲದಿಂದಲೂ ಅದೊಂದು ನಗೆಪಾಟಲು. ನಮ್ಮ ಇನ್ನೊಬ್ಬ ಗಿಟಾರಿಗ ತೋನ್ಚಿ ಅದನ್ನು ಹಲ್ಲಿನ ಸಂದಿಗೆ ಹಾಕೋ ದಾರ ಅನ್ನುತ್ತಾನೆ. ನಾನು ದಂತವೈದ್ಯರ ಬಳಿ ಕೆಲಸ ಮಾಡುವವಳಾದ್ದರಿಂದ ನನ್ನ ಮುಖ ನೋಡಿಯೇ ಅನ್ನುತ್ತಾನೆ. ಬ್ಯಾಂಡಿನಲ್ಲಿ ನಾನೊಬ್ಬಳೇ ಹೆಂಗಸು. ಅದಕ್ಕೇ ಎಲ್ಲರಿಗಿಂತ ದಪ್ಪ ತಂತಿ ನನ್ನದು. ಬೆರಳ ತುದಿ ಒಡೆದರೆ ಹೆಮ್ಮೆಪಡುತ್ತಿದ್ದೆ. ನೋವಿಲ್ಲದೆ ಬಂದದ್ದು ನನ್ನದಲ್ಲ ಎಂದು ಯಾವಾಗ ನಂಬಿದೆನೋ ತಿಳಿಯದು. ಮದುವೆ, ಮಗು, ಭಾನುವಾರದ ಅಡುಗೆ, ಎಲ್ಲವನ್ನೂ ಅದೇ ತಕ್ಕಡಿಯಲ್ಲಿ ತೂಗಿದ್ದೆ.

ಶನಿವಾರ ತಾಲೀಮಿಗೆ ಬೇಗನೆ ಹೋದೆ. ಹಳೆಯ ಹಗ್ಗದ ಕಾರ್ಖಾನೆಯ ನೆಲಮಾಳಿಗೆಯಲ್ಲಿ ತೋನ್ಚಿ ಆಗಲೇ ಇದ್ದ. ನನ್ನ ಗಿಟಾರಿಗೆ ವೈರು ಸಿಕ್ಕಿಸಿ ಮೀಟಿದರೆ ಪ್ರತಿ ಸ್ವರದ ಬಾಲದಲ್ಲೂ ಝುಂಯ್ ಎಂಬ ಸದ್ದು.

"ಏನ್ ನೆವೆಂಕಾ, ಒಳಗೆ ಜೇನು ಸಾಕಿದ್ದೀಯಾ?"

ತೋನ್ಚಿ ಹತ್ತಿರ ಬಂದು ಒಂದು ತಂತಿ ಒತ್ತಿ ನೋಡಿದ. ಹಲ್ಲಿನ ದಾರದ ಮಾತಿಗಾಗಿ ಕಾದೆ. ಅದು ಬರಲಿಲ್ಲ.

"ತಂತಿ ಬದಲಿಸಿ ಗಿಟಾರಿನ ಕತ್ತನ್ನ ಹಾಗೇ ಬಿಟ್ಟಿದ್ದೀಯಲ್ಲ ಮಾರಾಯ್ತಿ. ತೆಳು ತಂತಿ ಅಷ್ಟು ಎಳೆಯಲ್ಲ. ಕತ್ತು ಹಿಂದಕ್ಕೆ ವಾಲಿದೆ, ತಂತಿ ಮೆಟ್ಟಿಗೆ ತಾಗ್ತಿದೆ. ಕತ್ತಿನೊಳಗಿನ ಸರಳು ಸಡಿಲ ಮಾಡ್ಬೇಕು. ಕಾಲು ಸುತ್ತು ಸಾಲಲ್ಲ, ಇನ್ನೊಂಚೂರು ಬೇಕು."

ಹೇಳುತ್ತಲೇ ಸರಳು ತಿರುಗಿಸುವ ಪುಟ್ಟ ಅಲೆನ್ ಕೀಲಿಯನ್ನು ಜೇಬಿನಿಂದ ತೆಗೆದ.

"ಕಾಲು ಸುತ್ತು ಸಾಲಲ್ಲ ಅಂತ ನಿಂಗೆ ಹೇಗೆ ಗೊತ್ತು?"

ನಾನು ಗೋಡೆಗೆ ಒರಗಿಸಿದ್ದ ಅವನ ಗಿಟಾರಿನ ಬಳಿ ಹೋಗಿ ತಂತಿ ಒತ್ತಿದೆ. ಅವನದೂ ತೆಳು ತಂತಿಯೇ, ಬೆಣ್ಣೆಯ ಹಾಗೆ ಇಳಿಯಿತು.

"ಮಣಿಕಟ್ಟಿನ ಆಪರೇಷನ್ ಆದಾಗಿಂದ," ಎಂದ, ನೆಲ ನೋಡುತ್ತ. "ನಾಲ್ಕು ವರ್ಷ ಆಯ್ತು. ಹುಡುಗ್ರಿಗೆ ಹೇಳ್ಬೇಡ."

ಹುಡುಗರೆಂದರೆ ನಮ್ಮ ಬ್ಯಾಂಡಿನವರೇ, ಅರವತ್ತರ ಆಸುಪಾಸಿನವರು. ನನಗೆ ನಗು ಬರಬೇಕಿತ್ತು, ಬಂದದ್ದು ಸಿಟ್ಟು. ನಾಲ್ಕು ವರ್ಷ ನನ್ನ ಮುಖ ನೋಡಿ ಆ ಮಾತು ಆಡಿದ್ದ. ತನ್ನ ತಂತಿಯ ಮೇಲೆ ಯಾರಿಗೂ ಅನುಮಾನ ಬರದಿರಲೆಂದೇ ಆಡಿದ್ದನೆಂದು ಆಗ ಹೊಳೆಯಿತು. ಸಿಟ್ಟು ಪೂರ್ತಿ ಹೋಗಲಿಲ್ಲ, ಆದರೂ ಹಿಡಿ ಸಡಿಲಿಸಿತು.

ಅವನು ಸರಳಿಗೆ ಕೀಲಿ ಹಾಕಲು ಬಗ್ಗಿದ. ತಂತಿಯನ್ನು ಇನ್ನೂ ತಗ್ಗಿಸಿ ತನ್ನದರಂತೆಯೇ ಮಾಡಿಕೊಡುತ್ತೇನೆಂದ.

"ಕೊಡು ಇಲ್ಲಿ. ನಂದು ನಾನೇ ಮಾಡ್ಕೋತೀನಿ."

ಬೆಣ್ಣೆಯಂಥ ತಂತಿ ನನಗೆ ಬೇಡವಾಗಿತ್ತು. ಬೆರಳಿಗೆ ಬಿಡುವು ಬೇಕು ನಿಜ, ಆದರೆ ನನ್ನ ಕೈಗೆ ಎದುರು ನಿಲ್ಲುವಂಥದ್ದೂ ಒಂದಿಷ್ಟು ಬೇಕು. ಚೀಲದಲ್ಲಿದ್ದ ಹಳೆಯ ದಪ್ಪ ತಂತಿಗಳಲ್ಲಿ ಕೆಳಸ್ವರದ ಎರಡನ್ನು ಮತ್ತೆ ಹಾಕಿದೆ, ಉಳಿದ ನಾಲ್ಕು ತೆಳುವಾಗಿಯೇ ಇರಲಿ ಎಂದು ಬಿಟ್ಟೆ. ಆಮೇಲೆ ಸರಳನ್ನು ಒಂದಿಷ್ಟು ತಿರುಗಿಸಿ, ಮೀಟಿ, ಕೇಳಿ, ಮತ್ತೆ ತಿರುಗಿಸಿದೆ. ಜೇನಿನ ಸದ್ದು ನಿಂತಿತು.

ಡ್ರಮ್ ಬಾರಿಸುವ ಲಿವಿಯೊ ಬಂದವನೇ ಕಿವಿಗೊಟ್ಟ. "ಏನೋ ಬೇರೆ ಥರ ಕೇಳಿಸ್ತಿದೆಯಲ್ಲ?"

"ತೆಳು ತಂತಿ ಹಾಕಿದ್ದೀನಿ. ಬೆರಳು ನೋಯ್ತಿತ್ತು."

ಲಿವಿಯೊ ಎಂದಿನ ತಮಾಷೆಗಾಗಿ ತೋನ್ಚಿಯ ಕಡೆ ನೋಡಿದ. ತೋನ್ಚಿ ಮೊದಲೇ ಶ್ರುತಿಯಲ್ಲಿದ್ದ ತನ್ನ ತಂತಿಯನ್ನೇ ಮತ್ತೆ ಶ್ರುತಿ ಮಾಡುತ್ತಿದ್ದ. "ಚೆನ್ನಾಗೇ ಇದೆ," ಎಂದ, ತಲೆ ಎತ್ತದೆ.

ಲಿವಿಯೊ ಕೋಲು ತಟ್ಟಿ ತಾಳದ ಲೆಕ್ಕ ಕೊಟ್ಟ. ನಾನು ಎಂದಿನಂತೆ ಬಲವಾಗಿ ಒತ್ತಿದೆ. ತೆಳು ತಂತಿ ಹೆಚ್ಚೇ ಬಿಗಿದು, ಸ್ವರ ತುಸು ಮೇಲೇರಿ ಅಪಸ್ವರವಾಯಿತು. ಅಷ್ಟೊಂದು ಒತ್ತಬೇಕಿಲ್ಲವೆಂದು ಕೈಗೆ ಕಲಿಸಲು ಜೂನ್‌ವರೆಗೆ ಸಮಯವಿತ್ತು.